ಹಡಗಿಲ್ಲದ ಹಡಗು ವಿಹಾರ: ಕಪಿಲೆಯ ಜಾಡಿನಲ್ಲಿ ಕಳಲೆ, ತಿರುಮಕೂಡಲು, ತಲಕಾಡು

ಮಳೆಗಾಲ ಕಳೆದು ಅರಬ್ಬೀ ಸಮುದ್ರ ಶಾಂತವಾಗುತ್ತಿದ್ದಂತೆ ಪಣಂಬೂರಿನ ನವ ಮಂಗಳೂರು ಬಂದರಿಗೆ ವಿದೇಶಿ ವಿಹಾರ ನೌಕೆಗಳು ಬರತೊಡಗುತ್ತವೆ. ಹಡಗು ಬೆಳಿಗ್ಗೆ ದಡ ಸೇರುತ್ತದೆ. ಪ್ರಯಾಣಿಕರು ಬಸ್ಸು, ಕಾರು ಹತ್ತಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿಯ ಗೋಕರ್ಣನಾಥ ದೇವಾಲಯಗಳನ್ನು ನೋಡಿ ಮರಳುತ್ತಾರೆ. ಸಂಜೆಗೆ ಹಡಗು ಮುಂದಿನ ಬಂದರಿನತ್ತ ಹೊರಡುತ್ತದೆ. ಮಂಗಳೂರಿನವರಿಗೆ ನಿತ್ಯದ ಊರು, ಹಡಗಿನವರಿಗೆ ಜೀವಮಾನದಲ್ಲಿ ಒಂದೇ ಸಲ ಕಾಣುವ ಊರು. ಆ ಏಳೆಂಟು ಗಂಟೆಗಳಲ್ಲಿ ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂಬ ಆಯ್ಕೆಯ ಮೇಲೆಯೇ ಅವರ ಮಂಗಳೂರಿನ ನೆನಪು ನಿಂತಿರುತ್ತದೆ.

ಈಗ ನಮ್ಮ ನಗರಗಳ ಮಧ್ಯಮ ವರ್ಗದವರೂ ಕ್ರೂಸ್ ಎಂಬ ಶಬ್ದವನ್ನು ಸಲೀಸಾಗಿ ಬಳಸುತ್ತಿದ್ದಾರೆ. ಸಿಂಗಪುರದಿಂದ ಹೊರಡುವ ಮೂರು ರಾತ್ರಿಗಳ ವಿಹಾರ, ಮುಂಬಯಿಯಿಂದ ಗೋವೆಗೆ ಹೋಗುವ ಹಡಗು, ಕೊಚ್ಚಿಯಿಂದ ಲಕ್ಷದ್ವೀಪ — ಮದುವೆಯ ಬೆಳ್ಳಿಹಬ್ಬಕ್ಕೋ, ನಿವೃತ್ತಿಯ ನೆಪಕ್ಕೋ ಇವುಗಳ ವಿಚಾರಣೆ ನಡೆಯುತ್ತಲೇ ಇರುತ್ತದೆ. ಪ್ರವಾಸ ಸಂಸ್ಥೆಗಳ ಬಣ್ಣದ ಕೈಪಿಡಿಗಳಲ್ಲಿ ಈಜುಕೊಳ, ಭೋಜನಶಾಲೆ, ರಾತ್ರಿಯ ಮನರಂಜನೆಗಳಿಗೆ ಹತ್ತು ಪುಟ ಮೀಸಲು. ಹಡಗು ಎಲ್ಲೆಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ವಿವರ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ. ಓದಬೇಕಾದದ್ದು ಮಾತ್ರ ಆ ಸಣ್ಣ ಅಕ್ಷರವನ್ನೇ.

ಆಯ್ಕೆಯ ಸೂತ್ರ

ಹಡಗು ವಿಹಾರವನ್ನು ಆರಿಸಿಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ಪ್ರತಿ ಬಂದರಿನಲ್ಲಿ ಹಡಗು ಎಷ್ಟು ಗಂಟೆ ನಿಲ್ಲುತ್ತದೆ? ನಾಲ್ಕು ಗಂಟೆ ನಿಂತರೆ ಊರು ಕಾಣುವುದಿಲ್ಲ, ಬಂದರಿನ ಅಂಗಡಿಗಳಷ್ಟೇ ಕಾಣುತ್ತವೆ. ಹಡಗು ನೇರವಾಗಿ ದಕ್ಕೆಗೆ ತಾಗುತ್ತದೆಯೋ, ದೂರದಲ್ಲಿ ಲಂಗರು ಹಾಕಿ ಕಿರುದೋಣಿಗಳಲ್ಲಿ ಜನರನ್ನು ಇಳಿಸುತ್ತದೆಯೋ? ಲಕ್ಷದ್ವೀಪದ ಬಹುತೇಕ ದ್ವೀಪಗಳಲ್ಲಿ ಎರಡನೆಯ ಕ್ರಮವೇ ರೂಢಿ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಈ ಒಂದು ವಿವರ ಇಡೀ ಪ್ರವಾಸವನ್ನು ಕೆಡಿಸಬಲ್ಲದು. ಅಲ್ಲಿಗೆ ಪ್ರವೇಶ ಪರವಾನಗಿಯೂ ಬೇಕು ಎಂಬುದನ್ನು ಕೊನೆಯ ವಾರದಲ್ಲಿ ತಿಳಿದುಕೊಂಡರೆ ಪ್ರಯೋಜನವಿಲ್ಲ. ಹಡಗು ಸಾಗುವುದು ಹಗಲಿನಲ್ಲೋ ರಾತ್ರಿಯಲ್ಲೋ ಎಂಬುದೂ ಮುಖ್ಯ. ರಾತ್ರಿಯಿಡೀ ಸಾಗಿ ಹಗಲೆಲ್ಲ ನಿಲ್ಲುವ ಹಡಗಿನಲ್ಲಿ ಊರುಗಳು ಹೆಚ್ಚು ಸಿಗುತ್ತವೆ, ನೀರು ಕಡಿಮೆ ಕಾಣುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದ ಪ್ರಶ್ನೆ ಇನ್ನೊಂದಿದೆ. ಹಡಗು ನಿಲ್ಲುವ ಊರುಗಳಿಗೆ ಪರಸ್ಪರ ಸಂಬಂಧವೇನಾದರೂ ಇದೆಯೇ? 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ‘ಗಂಗಾ ವಿಲಾಸ್’ ನೌಕೆ 51 ದಿನಗಳಲ್ಲಿ ಸುಮಾರು 3,200 ಕಿ.ಮೀ. ದೂರದ ದಿಬ್ರೂಗಢಕ್ಕೆ ಸಾಗುವ ಯೋಜನೆ ಹೊತ್ತಿತ್ತು. ಬಾಂಗ್ಲಾದೇಶವನ್ನು ಹಾದು 27 ನದಿಗಳ ಜಾಡು ಅದರದು. ಅದರ ಟಿಕೆಟ್ ದರ ನಮ್ಮ ನಿಮ್ಮಂಥವರ ಅಳವಿಗೆ ಮೀರಿದ್ದು, ಅದಿರಲಿ. ಆದರೆ ಆ ಯೋಜನೆಯ ಹಿಂದಿನ ತರ್ಕ ಗಮನಾರ್ಹವಾದುದು. ಮೊದಲು ನೀರನ್ನು ಆರಿಸು, ಆ ನೀರು ಹುಟ್ಟಿಸಿದ ಊರುಗಳಲ್ಲಿ ಮಾತ್ರ ನಿಲ್ಲು. ಹಾಗೆ ನಿಂತಾಗ ಒಂದು ಊರಿನಲ್ಲಿ ಕಂಡದ್ದು ಇನ್ನೊಂದು ಊರಿನಲ್ಲಿ ಅರ್ಥವಾಗುತ್ತದೆ.

ಈ ತರ್ಕವನ್ನು ಪ್ರಯೋಗಿಸಲು ಗಂಗೆಯೇ ಬೇಕೆಂದಿಲ್ಲ, ಹಡಗೂ ಬೇಕೆಂದಿಲ್ಲ. ಮೈಸೂರಿನಿಂದ ಅರ್ಧ ಗಂಟೆಯ ದಾರಿಯಲ್ಲಿ ಕಪಿಲೆ ಹರಿಯುತ್ತಿದೆ. ಮೈಸೂರಿಗೆ ಬಂದವರು ಅರಮನೆ, ಚಾಮುಂಡಿಬೆಟ್ಟ, ಕನ್ನಂಬಾಡಿಯ ಬೃಂದಾವನ ನೋಡಿ, ನಂಜನಗೂಡಿನಲ್ಲಿ ಕಾರು ನಿಲ್ಲಿಸದೆಯೇ ಊಟಿಗೆ ಹೋಗುವುದು ಐವತ್ತು ವರ್ಷಗಳಿಂದ ನಡೆದು ಬಂದ ಪದ್ಧತಿ. ಆ ಪದ್ಧತಿಯನ್ನು ಒಮ್ಮೆ ಮುರಿದು, ರಸ್ತೆಯ ಬದಲು ನದಿಯನ್ನು ಹಿಡಿದು ಹೊರಟರೆ ಏನು ಸಿಗುತ್ತದೆ ಎಂಬುದೇ ಈ ಲೇಖನದ ವಿಷಯ.

ಇಲ್ಲಿ ಹಡಗು ಏಕಿಲ್ಲ?

ಕಪಿಲೆ, ಅಂದರೆ ಕಬಿನಿ, ಕೇರಳದ ವಯನಾಡಿನಲ್ಲಿ ಪನಮರಂ ಮತ್ತು ಮಾನಂದವಾಡಿ ಹೊಳೆಗಳು ಕೂಡಿ ಆಗುವ ನದಿ. ಪೂರ್ವಕ್ಕೆ ಹರಿದು ಕರ್ನಾಟಕ ಪ್ರವೇಶಿಸಿ, ಹೆಗ್ಗಡದೇವನಕೋಟೆ ಸೀಮೆಯ ಬೀಚನಹಳ್ಳಿಯಲ್ಲಿ ಅಣೆಕಟ್ಟೆಗೆ ಸಿಕ್ಕು, ಸರಗೂರು, ನಂಜನಗೂಡು, ಸುತ್ತೂರುಗಳನ್ನು ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಉದ್ದಕ್ಕೂ ಹಡಗಾಗಲಿ ದೊಡ್ಡ ದೋಣಿಯಾಗಲಿ ನಡೆಯುವುದಿಲ್ಲ. ಕಾರಣ ಸರಳ. ಬಂಡೆಗಳು ಎದ್ದ ಪಾತ್ರ, ನೀರಾವರಿಗಾಗಿ ಅಲ್ಲಲ್ಲಿ ಅಡ್ಡ ಹಾಕಿದ ಕಟ್ಟೆಗಳು, ಬೇಸಿಗೆಯಲ್ಲಿ ಮೊಣಕಾಲುದ್ದ ಮತ್ತು ಆಷಾಢದಲ್ಲಿ ಎರಡಾಳುದ್ದ ಏರಿಳಿಯುವ ನೀರು. ಇಂಥ ನದಿಯಲ್ಲಿ ತಳವಿರುವ ಹಡಗು ಒಂದು ಫರ್ಲಾಂಗು ಸಾಗಿದರೆ ಹೆಚ್ಚು.

ಅದಕ್ಕೆಂದೇ ಈ ನಾಡು ಹರಿಗೋಲನ್ನು ಕಂಡುಕೊಂಡದ್ದು. ಬಿದಿರು ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆ ಹಾಗೂ ಡಾಂಬರನ್ನೂ ಹೊದಿಸಿ ಮಾಡುವ ಈ ದುಂಡು ದೋಣಿಗೆ ಮುಂದು ಹಿಂದು ಎಂಬುದಿಲ್ಲ. ಗೇಣುದ್ದ ನೀರಿದ್ದರೂ ತೇಲುತ್ತದೆ. ಬಂಡೆ ತಾಗಿದರೆ ಒಡೆಯದೆ ಬಳಸಿ ತಿರುಗುತ್ತದೆ. ದಡ ಸೇರಿದ ಮೇಲೆ ಒಬ್ಬನೇ ತಲೆಯ ಮೇಲೆ ಹೊತ್ತು ಮನೆಗೆ ಒಯ್ಯಬಹುದು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯನ್ನು ದಾಟಿಸುತ್ತಿದ್ದ ಬುಟ್ಟಿಯಂಥ ದೋಣಿಗಳನ್ನು ಕಂಡು ಬೆರಗಿನಿಂದ ಬರೆದಿಟ್ಟಿದ್ದಾನೆ. ಕಪಿಲೆ–ಕಾವೇರಿಗಳಲ್ಲಿ ಇಂದಿಗೂ ಪ್ರವಾಸಿಗೆ ದಕ್ಕುವ ನೌಕೆ ಬಹುಮಟ್ಟಿಗೆ ಅದೇ.

ಹೀಗಾಗಿ ನಮ್ಮ ‘ವಿಹಾರ’ದಲ್ಲಿ ನೀರಿನ ಮೇಲಿನ ಪಯಣ ಎರಡು ತುದಿಗಳಲ್ಲಿ ಮಾತ್ರ: ಮೇಲೆ ಕಬಿನಿ ಹಿನ್ನೀರು, ಕೆಳಗೆ ಸಂಗಮ ಮತ್ತು ತಲಕಾಡು. ನಡುವಿನದು ದಡದ ಪಯಣ.

ಹಿನ್ನೀರಿನಲ್ಲಿ ಆರಂಭ

1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಹಿನ್ನೀರಿನ ಒಂದು ದಡ ನಾಗರಹೊಳೆಗೂ ಇನ್ನೊಂದು ದಡ ಬಂಡೀಪುರಕ್ಕೂ ಸೇರಿದ್ದು. ಕಾಕನಕೋಟೆಯ ಕಾಡು, ಮೈಸೂರು ಅರಸರ ಕಾಲದಲ್ಲಿ ಆನೆ ಹಿಡಿಯುವ ಖೆಡ್ಡಾಗಳು ನಡೆದ ತಾಣ, ಇದೇ ಸೀಮೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಾರಾಪುರದಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಧಾಮವಿದ್ದು, ದೋಣಿ ಸಫಾರಿಯ ಸೌಲಭ್ಯವಿದೆ. ಬೇಸಿಗೆಯಲ್ಲಿ ಹಿನ್ನೀರು ಸರಿದು ಹಸಿರು ಹುಲ್ಲು ಮೊಳೆತಾಗ ಆನೆಗಳ ಹಿಂಡು ದಡಕ್ಕಿಳಿಯುತ್ತವೆ; ಜೀಪಿನಿಂದ ನೋಡಿದ ಆನೆಗೂ ನೀರಿನ ಮೇಲಿಂದ ನೋಡಿದ ಆನೆಗೂ ಬಹಳ ವ್ಯತ್ಯಾಸ. ದೋಣಿ ನಿಶ್ಶಬ್ದವಾಗಿ ನಿಂತಾಗ ಆನೆ ನಿಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇದು ದುಬಾರಿ ಭಾಗ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕೈಯಲ್ಲಿರುವ ಹಣಕ್ಕೆ ಮಿತಿಯಿದ್ದರೆ ಇದನ್ನು ಬಿಟ್ಟು ನೇರವಾಗಿ ನಂಜನಗೂಡಿನಿಂದ ಆರಂಭಿಸಬಹುದು. ಪ್ರವಾಸದ ತಿರುಳು ಇರುವುದು ಅಲ್ಲಿಂದ ಮುಂದೆಯೇ.

ಒಂದು ಸೇತುವೆ, ಒಂದು ಹಳ್ಳಿ

ಮೈಸೂರಿನ ಕಡೆಯಿಂದ ಬರುವವರು ಕಪಿಲೆಯನ್ನು ದಾಟಿಯೇ ನಂಜನಗೂಡು ಸೇರಬೇಕು. ಹೊಸ ಸೇತುವೆಗಳ ಸಮೀಪದಲ್ಲೇ ಕಮಾನುಗಳ ಹಳೆಯ ಸೇತುವೆಯೊಂದಿದೆ. ಇದನ್ನು 1735ರಲ್ಲಿ ಕಟ್ಟಿಸಿದವರು ಮೈಸೂರಿನ ದಳವಾಯಿ ದೇವರಾಜಯ್ಯ. ಎತ್ತಿನ ಗಾಡಿಗಳಿಗೆಂದು ಕಟ್ಟಿದ ಸೇತುವೆ ಮುಂದೆ ಮೀಟರ್ ಗೇಜ್ ರೈಲನ್ನೂ ಹೊತ್ತಿತು. ಒಂದೇ ಸೇತುವೆಯ ಮೇಲೆ ಬಸ್ಸೂ ರೈಲೂ ಓಡುತ್ತಿದ್ದ ದೃಶ್ಯ ಈ ಭಾಗದ ಹಿರಿಯರ ನೆನಪಿನಲ್ಲಿ ಇನ್ನೂ ಹಸಿರಾಗಿದೆ. ಬ್ರಾಡ್ ಗೇಜ್ ಮಾರ್ಗ ಬಂದ ಮೇಲೆ, 2007ರ ಹೊತ್ತಿಗೆ, ಈ ಸೇತುವೆಯ ಮೇಲಿನ ರೈಲು ಸಂಚಾರ ನಿಂತಿತು. ರೈಲು ಬರುವುದಕ್ಕೆ ಒಂದೂವರೆ ಶತಮಾನದಷ್ಟು ಮೊದಲೇ ಕಟ್ಟಿದ ಸೇತುವೆ ರೈಲಿನ ಭಾರವನ್ನೂ ತಾಳಿಕೊಂಡದ್ದು ಅಂದಿನ ಕುಶಲಕರ್ಮಿಗಳ ಹೆಗ್ಗಳಿಕೆ. ಊಟಿಗೆ ಹೋಗುವ ಕಾರುಗಳು ಇದನ್ನು ಹತ್ತು ಸೆಕೆಂಡಿನಲ್ಲಿ ಹಾದುಹೋಗುತ್ತವೆ.

ಸೇತುವೆ ಕಟ್ಟಿದ ದಳವಾಯಿ ಯಾರು ಎಂದು ಹುಡುಕುತ್ತ ಹೊರಟರೆ ದಾರಿ ಕಳಲೆಗೆ ಹೋಗುತ್ತದೆ. ನಂಜನಗೂಡಿನಿಂದ ಐದಾರು ಕಿ.ಮೀ. ದೂರದಲ್ಲಿ, ನದಿಯಿಂದ ತುಸು ಒಳಗಿರುವ ಹಳ್ಳಿ. ಕಳಲೆ ಎಂದರೆ ಕೊಡಗು–ಮಲೆನಾಡಿನವರಿಗೆ ಮಳೆಗಾಲದಲ್ಲಿ ಪಲ್ಯವಾಗುವ ಎಳೆಬಿದಿರು. ಆದರೆ ಮೈಸೂರಿನ ಚರಿತ್ರೆಯಲ್ಲಿ ಕಳಲೆ ಎಂದರೆ ಒಂದು ಅರಸು ಮನೆತನ. 1610ರಲ್ಲಿ ಶ್ರೀರಂಗಪಟ್ಟಣವನ್ನು ಕೈವಶ ಮಾಡಿಕೊಂಡ ರಾಜ ಒಡೆಯರ ಕಾಲದಲ್ಲಿ ಎರಡೂ ಮನೆತನಗಳ ನಡುವೆ ಒಂದು ಒಪ್ಪಂದವಾಯಿತೆಂದು ಇತಿಹಾಸಕಾರರು ಹೇಳುತ್ತಾರೆ: ಸಿಂಹಾಸನ ಮೈಸೂರಿನವರಿಗೆ, ಸೇನೆಯ ಮುಖ್ಯಸ್ಥರಾದ ದಳವಾಯಿಯ ಹುದ್ದೆ ಕಳಲೆಯವರಿಗೆ. ಹೆಣ್ಣು ಕೊಟ್ಟು ತರುವ ಸಂಬಂಧವೂ ಬೆಳೆಯಿತು.

ನೂರು ವರ್ಷ ಕಳೆಯುವಷ್ಟರಲ್ಲಿ ದಳವಾಯಿಗಳು ದೊರೆಗಿಂತ ದೊಡ್ಡವರಾದರು. 1734ರಲ್ಲಿ ಅವರೇ ದೊರೆಯಾಗಿದ್ದ ಚಾಮರಾಜ ಒಡೆಯರನ್ನು ಪದಚ್ಯುತಗೊಳಿಸಿ ಕಬ್ಬಾಳದುರ್ಗದ ಸೆರೆಗೆ ಕಳುಹಿಸಿ, ಬಾಲಕ ಇಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. ನಂಜನಗೂಡಿನ ಸೇತುವೆ ಸಿದ್ಧವಾದದ್ದು ಅದರ ಮರುವರ್ಷ. ದೊರೆಯನ್ನು ಇಳಿಸಿದ ಕೈಗಳೇ ನಂಜುಂಡನ ಸನ್ನಿಧಿಗೆ ಹೋಗುವ ಜನರಿಗಾಗಿ ನದಿಗೆ ಸೇತುವೆ ಹಾಕಿದವು! ಇದನ್ನು ಪ್ರಾಯಶ್ಚಿತ್ತವೆನ್ನಬೇಕೋ ಆಡಳಿತ ಚಾತುರ್ಯವೆನ್ನಬೇಕೋ ಓದುಗರೇ ನಿರ್ಧರಿಸಲಿ; ಸೇತುವೆಯ ಮುಂದೆ ನಿಂತಾಗ ಈ ಎರಡು ಇಸವಿಗಳನ್ನು ನೆನೆದರೆ ಸಾಕು, ಕಲ್ಲಿಗೆ ಬೇರೆಯೇ ಒಂದು ಅರ್ಥ ಬರುತ್ತದೆ.

ದೇವರಾಜಯ್ಯನವರ ತಮ್ಮ ಕರಾಚೂರಿ ನಂಜರಾಜಯ್ಯ ಇನ್ನೂ ಕುತೂಹಲಕರ ವ್ಯಕ್ತಿ. ಸರ್ವಾಧಿಕಾರಿಯಾಗಿ ರಾಜ್ಯವನ್ನಾಳುತ್ತಲೇ ಸಂಸ್ಕೃತದಲ್ಲಿ ‘ಸಂಗೀತ ಗಂಗಾಧರ’ವನ್ನೂ ಕನ್ನಡದಲ್ಲಿ ‘ಕಕುದ್ಗಿರಿ ಮಾಹಾತ್ಮ್ಯ’ ಮೊದಲಾದ ಕೃತಿಗಳನ್ನೂ ರಚಿಸಿದವರು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರ್ ಎಂಬ ಯುವ ಸೈನಿಕನ ಸಾಹಸವನ್ನು ಗುರುತಿಸಿ ಮೇಲೆತ್ತಿದವರೂ ಇವರೇ. ತಿರುಚಿನಾಪಳ್ಳಿಯ ಮೇಲಿನ ದೀರ್ಘ ದಂಡಯಾತ್ರೆ ಬೊಕ್ಕಸವನ್ನು ಬರಿದು ಮಾಡಿತು. ಸಂಬಳ ಸಿಗದ ಸೇನೆ ದಂಗೆಯೆದ್ದಿತು. 1761ರ ಹೊತ್ತಿಗೆ ಅಧಿಕಾರ ಅದೇ ಹೈದರಾಲಿಯ ಕೈಸೇರಿತು. ಮುಂದಿನದು ಎಲ್ಲರಿಗೂ ತಿಳಿದ ಕಥೆ. ಶ್ರೀರಂಗಪಟ್ಟಣದಲ್ಲಿ ಪ್ರವಾಸಿ ಮಾರ್ಗದರ್ಶಿ ಹೇಳುವ ಕಥೆಯ ಹಿಂದಿನ ಅಧ್ಯಾಯ ಇರುವುದು ಕಳಲೆಯಲ್ಲಿ.

ಕಳಲೆಯಲ್ಲಿ ನೋಡುವುದೇನು ಎಂದು ಕೇಳಬಹುದು. ಲಕ್ಷ್ಮೀಕಾಂತಸ್ವಾಮಿಯ ಪುರಾತನ ದೇವಾಲಯವಿದೆ. ಅರಮನೆಯಾಗಲಿ, ವಸ್ತುಸಂಗ್ರಹಾಲಯವಾಗಲಿ, ಧ್ವನಿ–ಬೆಳಕಿನ ಪ್ರದರ್ಶನವಾಗಲಿ ನಿರೀಕ್ಷಿಸಬೇಡಿ. ಆ ನಿರೀಕ್ಷೆ ಇಟ್ಟುಕೊಂಡು ಬಂದವರು ಹದಿನೈದು ನಿಮಿಷದಲ್ಲಿ ಕಾರು ಹತ್ತುತ್ತಾರೆ. ದೇವಾಲಯ ತೆರೆದಿರುವ ಬೆಳಗಿನ ವೇಳೆಗೆ ಬಂದು, ಪ್ರಾಕಾರದಲ್ಲಿ ಅರ್ಧ ಗಂಟೆ ಕುಳಿತು, ಈ ಹಳ್ಳಿಯವರು ಒಂದು ಕಾಲದಲ್ಲಿ ಮೈಸೂರಿನ ದೊರೆಗಳನ್ನು ಏರಿಸಿ ಇಳಿಸುತ್ತಿದ್ದರು ಎಂಬುದನ್ನು ಮನಸ್ಸಿಗೆ ತಂದುಕೊಂಡರೆ ಬಂದದ್ದು ಸಾರ್ಥಕ. ಹಡಗಿನ ಭಾಷೆಯಲ್ಲಿ ಹೇಳುವುದಾದರೆ ಇದು ದೊಡ್ಡ ನೌಕೆಗಳು ನಿಲ್ಲದ ಕಿರು ಬಂದರು. ಅಂಥವೇ ನೆನಪಿನಲ್ಲಿ ಉಳಿಯುವುದು.

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪಟ್ಟದ ಆನೆಯ ಕಣ್ಣುಬೇನೆ ವಾಸಿಯಾದದ್ದಕ್ಕೆ ಟಿಪ್ಪು ಸುಲ್ತಾನ್ ಇಲ್ಲಿನ ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂಬ ಪ್ರತೀತಿ ಮನೆಮಾತು. ಗುಂಡ್ಲು ಹೊಳೆ, ಅಂದರೆ ಕೌಂಡಿನ್ಯ, ಕಪಿಲೆಯನ್ನು ಸೇರುವುದು ಈ ಊರ ಬಳಿಯಲ್ಲೇ. ಪರಶುರಾಮ ಕ್ಷೇತ್ರ ಅಲ್ಲಿದೆ. ಸ್ನಾನಘಟ್ಟದ ಬಳಿಯ ಹದಿನಾರು ಕಾಲು ಮಂಟಪವನ್ನು ಮಾತ್ರ ಗುರುತಿಟ್ಟು ನೋಡಿಕೊಳ್ಳಿ. ಅದರ ಪ್ರಸ್ತಾಪ ಮುಂದೆ ಬರುತ್ತದೆ.

ಹಣ್ಣಿನ ಅಂಗಡಿಯಲ್ಲಿ ರಸಬಾಳೆ ಸಿಕ್ಕರೆ ಬಿಡಬೇಡಿ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಬಾಳೆಗೆ ಇಲ್ಲಿನ ಕಪ್ಪುಮಣ್ಣೇ ರುಚಿ ಕೊಟ್ಟದ್ದೆಂದು ಬೆಳೆಗಾರರ ಮಾತು. ಪನಾಮ ಸೊರಗು ರೋಗ ತೋಟಗಳನ್ನು ಕಾಡಿದ ಮೇಲೆ ನಿಜವಾದ ನಂಜನಗೂಡು ರಸಬಾಳೆ ಅಪರೂಪವಾಗಿದೆ. ಹೆಸರು ಹೇಳಿ ಮಾರುವುದೆಲ್ಲ ಅದೇ ಆಗಿರಬೇಕಿಲ್ಲ.

ಸುತ್ತೂರಿನಿಂದ ಸಂಗಮಕ್ಕೆ

ನಂಜನಗೂಡಿನಿಂದ ನರಸೀಪುರಕ್ಕೆ ಹೋಗಲು ಮೈಸೂರಿಗೆ ಹಿಂದಿರುಗಬೇಕಿಲ್ಲ. ಸುತ್ತೂರಿನ ಮಾರ್ಗವಾಗಿ ನದಿಯ ಸೀಮೆಯಲ್ಲೇ ಸಾಗುವ ದಾರಿಯಿದೆ. ಭತ್ತ, ಕಬ್ಬು, ಬಾಳೆಯ ನಡುವಿನ ಈ ದಾರಿಯಲ್ಲಿ ವೇಗವಾಗಿ ಹೋಗುವವರು ಪ್ರವಾಸದ ಅರ್ಧ ಸುಖವನ್ನು ಕಳೆದುಕೊಳ್ಳುತ್ತಾರೆ. ಸುತ್ತೂರು ಮಠ ಕಪಿಲೆಯ ದಡದಲ್ಲೇ ಇದೆ. ಜನವರಿ–ಫೆಬ್ರವರಿಯ ಜಾತ್ರೆಯ ದಿನಗಳಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಜಾತ್ರೆ ನೋಡುವ ಆಸೆಯಿದ್ದರೆ ಆಗ ಬನ್ನಿ, ನದಿ ನೋಡುವ ಆಸೆಯಿದ್ದರೆ ಬೇರೆ ದಿನ ಬನ್ನಿ.

ತಿರುಮಕೂಡಲಿನಲ್ಲಿ ಕಪಿಲೆ ತನ್ನ ಹೆಸರನ್ನು ಬಿಟ್ಟುಕೊಡುತ್ತಾಳೆ. ಕಾವೇರಿ, ಕಪಿಲೆಗಳ ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಕೂಡುತ್ತದೆಂಬ ನಂಬಿಕೆಯಿಂದ ಇದು ತ್ರಿವೇಣಿ. ಒಂದು ದಡದಲ್ಲಿ ಅಗಸ್ತ್ಯೇಶ್ವರ, ಇನ್ನೊಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕದಷ್ಟು ಹೆಚ್ಚು ಎಂಬ ಸ್ಥಳಪುರಾಣದಿಂದ ಆ ಹೆಸರು. ಒಂದು ಗುಲಗಂಜಿಯಷ್ಟೇ ಹೆಚ್ಚು ಎನ್ನುವ ಈ ವಿನಯವೇ ಚೆನ್ನ! 1989ರಿಂದ ಇಲ್ಲಿ ಮೂರು ವರ್ಷಗಳಿಗೊಮ್ಮೆ ಕುಂಭಮೇಳ ನಡೆಸುವ ಪದ್ಧತಿ ಬಂದಿದೆ. 2025ರ ಫೆಬ್ರವರಿಯಲ್ಲಿ, ಪ್ರಯಾಗದ ಮಹಾಕುಂಭದ ಹೊತ್ತಿನಲ್ಲೇ, ಇಲ್ಲಿಯೂ ಮೇಳ ನಡೆಯಿತು.

ಬೆಂಗಳೂರಿನ ಓದುಗರಿಗೆ ಇನ್ನೊಂದು ನಂಟೂ ಇದೆ. ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದಲ್ಲಿ ನಿಂತಿರುವ ಚೌಡಯ್ಯ ಸ್ಮಾರಕ ಭವನವನ್ನು ಎಲ್ಲರೂ ಕಂಡಿದ್ದಾರೆ. ಏಳು ತಂತಿಯ ಪಿಟೀಲಿನಿಂದ ಹೆಸರಾದ ಆ ಟಿ. ಚೌಡಯ್ಯನವರ ಹೆಸರಿನಲ್ಲಿರುವ ‘ಟಿ’ ಈ ತಿರುಮಕೂಡಲೇ.

ಹರಿಗೋಲು ಹತ್ತುವುದಾದರೆ ಸಂಗಮದಲ್ಲಿ ಬೆಳಿಗ್ಗೆ ಹತ್ತಿ. ನವೆಂಬರ್ ನಂತರದ ತಿಂಗಳುಗಳಲ್ಲಿ ನೀರು ತಿಳಿಯಾಗಿ, ಸೆಳೆತ ಕಡಿಮೆಯಾಗಿರುತ್ತದೆ. ಎರಡು ನದಿಗಳ ನೀರು ಒಂದಾಗುವ ಜಾಗದಲ್ಲಿ ಅಂಬಿಗ ಹುಟ್ಟು ಎತ್ತಿ ಹಿಡಿದಾಗ ಹರಿಗೋಲು ತಾನಾಗಿಯೇ ನಿಧಾನವಾಗಿ ತಿರುಗುತ್ತದೆ. ಯಾವ ಈಜುಕೊಳದ ನೌಕೆಯೂ ಇದನ್ನು ಕೊಡಲಾರದು.

ನದಿ ಕಟ್ಟಿದ್ದು, ಮರಳು ಮುಚ್ಚಿದ್ದು

ಸಂಗಮದಿಂದ ಕೆಳಗೆ ಕಾವೇರಿ ಮುಡುಕುತೊರೆಯಲ್ಲಿ ದೊಡ್ಡದೊಂದು ತಿರುವು ತೆಗೆದುಕೊಳ್ಳುತ್ತದೆ. ಮುಡುಕು ಎಂದರೆ ಬಾಗು, ತೊರೆ ಎಂದರೆ ಹೊಳೆ. ಊರಿನ ಹೆಸರೇ ನದಿಯ ನಕ್ಷೆ. ಮಲ್ಲಿಕಾರ್ಜುನನ ಬೆಟ್ಟ ಹತ್ತಿ ನಿಂತರೆ ಆ ತಿರುವು ಕಣ್ಣ ಮುಂದೆ ಹರಡುತ್ತದೆ. ತಲಕಾಡಿಗೆ ಹೋಗುವ ಮೊದಲು ಈ ಬೆಟ್ಟ ಹತ್ತಲೇಬೇಕು. ಏಕೆಂದರೆ ತಲಕಾಡಿನ ಮರಳಿನ ಗುಟ್ಟು ಈ ತಿರುವಿನಲ್ಲಿದೆ.

ಗಂಗರ ರಾಜಧಾನಿಯಾಗಿದ್ದ, ಚೋಳರ ವಶದಲ್ಲಿದ್ದ ತಲಕಾಡನ್ನು ಗೆದ್ದ ನೆನಪಿಗೆ ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಾಪಿಸಿದ. ಮುಂದೆ ದೇವಾಲಯಗಳು ಒಂದೊಂದಾಗಿ ಮರಳಿನಡಿ ಹೂತುಹೋದವು. ಅಲಮೇಲಮ್ಮನ ಶಾಪದ ಕಥೆ ಎಲ್ಲರಿಗೂ ಗೊತ್ತು: ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರಿನ ದೊರೆಗಳಿಗೆ ಸಂತಾನವಿಲ್ಲದೆ ಹೋಗಲೆಂದೂ ಆಕೆ ಶಪಿಸಿದಳಂತೆ. ಶಾಪ ಹೊತ್ತವರು ಕಳಲೆಯವರೊಡನೆ ಒಪ್ಪಂದ ಮಾಡಿಕೊಂಡ ಅದೇ ರಾಜ ಒಡೆಯರು. ಹೀಗೆ ಪ್ರವಾಸದ ಮೊದಲ ದಿನ ಕೇಳಿದ ಹೆಸರು ಕೊನೆಯ ದಿನ ಮತ್ತೆ ಎದುರಾಗುತ್ತದೆ.

ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ಇದಕ್ಕೆ ಬೇರೆ ವಿವರಣೆ ಮುಂದಿಟ್ಟಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿ ಕಾವೇರಿಗೆ ಕಟ್ಟೆ ಹಾಕಿಸಿದ ಬಳಿಕ ಕೆಳಭಾಗದ ಪಾತ್ರದಲ್ಲಿ ನೀರು ತಗ್ಗಿತು. ತಿರುವಿನಲ್ಲಿ ಶೇಖರವಾಗಿದ್ದ ಮರಳು ಬಯಲಾಗಿ ಒಣಗಿತು. ಗಾಳಿ ಅದನ್ನು ಊರಿನ ಮೇಲೆ ಹೊತ್ತು ಹಾಕಿತು. ಇದು ಅವರ ವಾದದ ಸಾರ. ಹೊಲಗಳಿಗೆ ನೀರು ಕೊಟ್ಟ ಕಟ್ಟೆಯೇ ಊರಿಗೆ ಮರಳನ್ನೂ ತಂದಿತೆಂಬ ಈ ಮಾತು ಶಾಪದ ಕಥೆಗಿಂತ ಕಡಿಮೆ ನಾಟಕೀಯವೇನಲ್ಲ. ಮಾಧವಮಂತ್ರಿ ಕಟ್ಟೆಯ ನಾಲೆ ಇಂದಿಗೂ ಈ ಭಾಗದ ಭತ್ತದ ಗದ್ದೆಗಳಿಗೆ ನೀರುಣಿಸುತ್ತಿದೆ.

ಪಂಚಲಿಂಗ ದರ್ಶನ ಕೊನೆಯ ಬಾರಿ ನಡೆದದ್ದು 2020ರ ಡಿಸೆಂಬರ್‌ನಲ್ಲಿ. ಅದು ಪಂಚಾಂಗದ ಲೆಕ್ಕಾಚಾರಕ್ಕೆ ಬಿಟ್ಟ ವಿಷಯ. ಸಾಮಾನ್ಯ ದಿನಗಳಲ್ಲೂ ಮರಳಿನ ದಾರಿಯಲ್ಲಿ ನಡೆದು ದೇವಾಲಯಗಳನ್ನು ನೋಡಬಹುದು. ಮಧ್ಯಾಹ್ನ ಮರಳು ಕಾದಿರುತ್ತದೆ, ಚಪ್ಪಲಿಯಿಲ್ಲದೆ ನಡೆಯುವ ಸಾಹಸ ಬೇಡ.

ಸೋಮನಾಥಪುರ ಇಲ್ಲಿಂದ ದೂರವಿಲ್ಲ. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಹೋಗದೆ ಬರುವುದು ಅಪರಾಧವೆಂಬಂತೆ ಮಾತನಾಡುವವರಿದ್ದಾರೆ. ಅತ್ತ ನಂಜನಗೂಡು ತಾಲೂಕಿನ ಬದನವಾಳುವಿನ ಖಾದಿ ಕೇಂದ್ರವೂ ಕೈಬೀಸಿ ಕರೆಯುತ್ತದೆ. ಎರಡೂ ನೋಡತಕ್ಕವೇ. ಆದರೆ ಎರಡು ದಿನಗಳ ಪ್ರವಾಸದಲ್ಲಿ ಎಂಟು ಸ್ಥಳಗಳನ್ನು ತುರುಕಿದರೆ ಕೊನೆಗೆ ನೆನಪಿನಲ್ಲಿ ಉಳಿಯುವುದು ಕಾರಿನ ಸೀಟು ಮಾತ್ರ. ಅವುಗಳಿಗೆ ಇನ್ನೊಂದು ಸಲ ಬನ್ನಿ.

ಪತ್ರಿಕೆಯ ಮೂಲೆಯ ಆ ಸಣ್ಣ ಪಟ್ಟಿ

ಈ ಪ್ರವಾಸದಲ್ಲಿ ಅಪಾಯವೇ ಇಲ್ಲ ಎಂದರೆ ತಪ್ಪಾಗುತ್ತದೆ. ಕಪಿಲೆ, ಕಾವೇರಿಗಳು ಪ್ರವಾಸಿಗರನ್ನು ಬಲಿ ತೆಗೆದುಕೊಂಡ ಸುದ್ದಿ ವರ್ಷ ವರ್ಷವೂ ಬರುತ್ತಲೇ ಇದೆ. ಅದರಲ್ಲೂ ಈಜಲು ಇಳಿದ ಹೊರ ಊರಿನ ಯುವಕರೇ ಹೆಚ್ಚು. ಮೇಲೆ ಸಮತಟ್ಟಾಗಿ ಕಾಣುವ ನೀರಿನಡಿ ಮಡುಗಳಿರುತ್ತವೆ. ಮಾಲಂಗಿಯ ಮಡು ಶಾಪದ ಕಥೆಯಲ್ಲಷ್ಟೇ ಇರುವುದಲ್ಲ.

ಇದಕ್ಕೆ ಮುನ್ನೆಚ್ಚರಿಕೆ ಕನ್ನಡ ಪತ್ರಿಕೆಗಳ ಮೂಲೆಯಲ್ಲೇ ಇದೆ. ಮಳೆಗಾಲದಲ್ಲಿ ದಿನವೂ ಅಚ್ಚಾಗುವ ಜಲಾಶಯಗಳ ನೀರಿನ ಮಟ್ಟದ ಪಟ್ಟಿಯನ್ನು ಪ್ರವಾಸಿಗರು ಓದುವುದೇ ಇಲ್ಲ. ಓದಿದರೂ ಜಲಾಶಯ ತುಂಬಿದೆಯೇ ಎಂದಷ್ಟೇ ನೋಡುತ್ತಾರೆ. ಕೆಳದಂಡೆಯಲ್ಲಿ ನಿಲ್ಲುವವರಿಗೆ ಬೇಕಾದದ್ದು ಮಟ್ಟವಲ್ಲ, ಹೊರಹರಿವು. ಕಬಿನಿ ಜಲಾಶಯದ ಗರಿಷ್ಠ ಮಟ್ಟ 2,284 ಅಡಿ, ಸಾಮರ್ಥ್ಯ 19.52 ಟಿಎಂಸಿ ಅಡಿ ಮಾತ್ರ. 49 ಟಿಎಂಸಿಗೂ ಮೀರಿದ ಕನ್ನಂಬಾಡಿಗೆ ಹೋಲಿಸಿದರೆ ಇದು ಚಿಕ್ಕ ಪಾತ್ರೆ. ವಯನಾಡಿನಲ್ಲಿ ಜಡಿಮಳೆಯಾದರೆ ಬೇಗ ತುಂಬುತ್ತದೆ, ತುಂಬಿದ ಮೇಲೆ ಬಂದ ನೀರನ್ನೆಲ್ಲ ಬಿಡದೆ ಗತ್ಯಂತರವಿಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. 2019ರ ಆಗಸ್ಟ್‌ನಲ್ಲಿ ಕಬಿನಿಯಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿದಾಗ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು, ತಗ್ಗಿನ ಬಡಾವಣೆಗಳ ಜನ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದರು, ಮಲ್ಲನಮೂಲೆ ಮಠದ ಬಳಿ ನೀರು ನುಗ್ಗಿ ಮೈಸೂರು–ಊಟಿ ರಸ್ತೆಯೇ ಬಂದ್ ಆಯಿತು. ಅಂದು ಊಟಿಗೆ ಹೊರಟಿದ್ದವರೂ ಮೊದಲ ಬಾರಿಗೆ ಕಪಿಲೆಯನ್ನು ಗಮನಿಸಿರಬೇಕು.

ಸಂಗಮಕ್ಕೆ ಹೋಗುವವರು ಕಬಿನಿ, ಕೃಷ್ಣರಾಜಸಾಗರ ಎರಡರ ಹೊರಹರಿವನ್ನೂ ನೋಡಬೇಕು, ಏಕೆಂದರೆ ಎರಡೂ ಅಲ್ಲಿಗೇ ಬಂದು ಸೇರುತ್ತವೆ. ಅಂಕಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ಪ್ರವಾಸವನ್ನು ಮುಂದೂಡುವುದೇ ಕ್ಷೇಮ. ಉಳಿದಂತೆ ಹೇಳಬೇಕಾದದ್ದು ಇಷ್ಟೇ: ಜೀವರಕ್ಷಕ ಕವಚ ಕೊಡದ ಹರಿಗೋಲನ್ನು ಹತ್ತಬೇಡಿ, ‘ಇನ್ನಿಬ್ಬರು ಕೂತ್ಕೊಳ್ಳಿ ಸ್ವಾಮಿ’ ಎಂದಾಗ ಇಳಿದುಬಿಡಿ, ಕತ್ತಲಾದ ಮೇಲೆ ನೀರಿಗೆ ಹೋಗಬೇಡಿ, ಅಂಬಿಗ ಬೇಡವೆಂದರೆ ಚೌಕಾಸಿ ಮಾಡಬೇಡಿ. ಆತನಿಗೆ ಒಂದು ಬಾಡಿಗೆ ನಷ್ಟವಾದರೂ ಬೇಡವೆನ್ನುತ್ತಿದ್ದಾನೆ ಎಂದರೆ ಕಾರಣವಿರುತ್ತದೆ.

ಯಾವಾಗ, ಹೇಗೆ

ಆನೆ ನೋಡುವ ಆಸೆಯಿದ್ದವರಿಗೆ ಮಾರ್ಚ್‌ನಿಂದ ಮೇ ಒಳ್ಳೆಯದು. ಸಂಗಮ, ಹರಿಗೋಲು, ತಲಕಾಡಿನ ಮರಳಿಗೆ ನವೆಂಬರ್‌ನಿಂದ ಫೆಬ್ರವರಿ. ಎರಡನ್ನೂ ಒಂದೇ ಪ್ರವಾಸದಲ್ಲಿ ಸಾಧಿಸಲು ಹೊರಟರೆ ಎರಡೂ ಅರೆಬರೆಯಾಗುತ್ತವೆ. ಹಿನ್ನೀರನ್ನು ಬಿಟ್ಟು ಚಳಿಗಾಲವನ್ನು ಆರಿಸಿಕೊಳ್ಳುವುದು ಈ ಲೇಖಕನ ಪಕ್ಷಪಾತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನದಿಯನ್ನು ದಡದಿಂದ ನೋಡಿ, ಅದೂ ಒಂದು ಭವ್ಯ ನೋಟವೇ.

ಸ್ವಂತ ವಾಹನವಿಲ್ಲದಿದ್ದರೂ ಸಾಗುತ್ತದೆ. ಮೈಸೂರಿನಿಂದ ಚಾಮರಾಜನಗರ ಮಾರ್ಗದ ರೈಲು ಹಿಡಿದರೆ ಕಪಿಲೆಯನ್ನು ದಾಟಿಸಿ ನಂಜನಗೂಡಿನಲ್ಲಿ ಇಳಿಸುತ್ತದೆ. ಮಧ್ಯಾಹ್ನದೊಳಗೆ ದೇವಾಲಯ, ಹಳೆಯ ಸೇತುವೆ, ಆಟೋದಲ್ಲಿ ಕಳಲೆ ಮುಗಿಸಬಹುದು. ನಂಜನಗೂಡಿನಿಂದ ನರಸೀಪುರಕ್ಕೂ ಅಲ್ಲಿಂದ ಸುಮಾರು 15 ಕಿ.ಮೀ. ದೂರದ ತಲಕಾಡಿಗೂ ಬಸ್ಸುಗಳಿವೆ. ತಂಗಲು ನಂಜನಗೂಡು ಅಥವಾ ನರಸೀಪುರದಲ್ಲಿ ಸಾಧಾರಣ ವಸತಿಗೃಹಗಳು ಸಿಗುತ್ತವೆ. ಹೆಚ್ಚಿನ ಅನುಕೂಲ ಬೇಕೆನ್ನುವವರು ಮೈಸೂರಿನಲ್ಲೇ ಉಳಿಯುವುದು ಲೇಸು. ಸಂಗಮಕ್ಕೆ ಮಾತ್ರ ಬೆಳಿಗ್ಗೆ ಏಳರೊಳಗೆ ತಲುಪುವಂತೆ ಲೆಕ್ಕ ಹಾಕಿಕೊಳ್ಳಿ. ಒಂಬತ್ತಾದರೆ ಬಸ್ಸುಗಳಲ್ಲಿ ಬರುವ ಯಾತ್ರಿಕರ ಗುಂಪು ಸ್ನಾನಘಟ್ಟವನ್ನು ತುಂಬಿಕೊಳ್ಳುತ್ತದೆ.